ಮುಂದಿನ ಮನೆಗೆ 200, ಹಿಂದಿನ ಮನೆಗೆ 12: ವೈರ್‌ಲೆಸ್ ಬ್ರಿಡ್ಜ್ ಎಲ್ಲಿ ಸೊರಗುತ್ತದೆ?

ದಾವಣಗೆರೆಯ ವಿದ್ಯಾನಗರದಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಹಳೇ ಪೇಟೆಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಚನ್ನಗಿರಿಯ ಕಡೆ ಊರೊಳಗೆ ಒಂದು ಮನೆ, ಅಡಿಕೆ ತೋಟದಲ್ಲಿ ಇನ್ನೊಂದು. ಫೈಬರ್ ಸಂಪರ್ಕ ಬರುವುದು ಒಂದು ಕಡೆಗೆ, ಇಂಟರ್ನೆಟ್ ಬೇಕಾಗಿರುವುದು ಎರಡು ಕಡೆ. ತಂತಿ ಎಳೆಯುವ ಗೋಜು ಬೇಡವೆಂದು ಇಂಥಲ್ಲಿ ವೈರ್‌ಲೆಸ್ ಬ್ರಿಡ್ಜ್ ಹಾಕಿಸುತ್ತಾರೆ. ಹತ್ತಿರದ ತುದಿಯ ರೇಡಿಯೋ ರೂಟರಿನಿಂದ ಬಂದುದನ್ನು ಗಾಳಿಗೆ ಬಿಡುತ್ತದೆ. ದೂರದ ತುದಿಯ ರೇಡಿಯೋ ಅದನ್ನು ಹಿಡಿದು ಅಲ್ಲಿನ ಕೇಬಲ್‌ಗೋ ವೈ-ಫೈಗೋ ಒಪ್ಪಿಸುತ್ತದೆ. ಹಾಕಿಸಿದ ಹೊಸತರಲ್ಲಿ ಎಲ್ಲರೂ ಖುಷಿ. ಕೆಲವು ದಿನ ಕಳೆದ ಮೇಲೆ ಮುಂದಿನ ಮನೆಯಲ್ಲಿ 200 ಮೆಗಾಬಿಟ್ ಬರುತ್ತಿದ್ದರೂ ಹಿಂದಿನ ಮನೆಯ ಟಿವಿಯಲ್ಲಿ ಚಕ್ರ ತಿರುಗಲು ಶುರುವಾಗುತ್ತದೆ.

ಆಗ ಬಹುತೇಕರು ಮಾಡುವುದು ಎರಡೇ ಕೆಲಸ: ಕಂಪನಿಗೆ ಫೋನ್ ಮಾಡಿ ಇನ್ನೂ ದೊಡ್ಡ ಪ್ಲಾನ್ ತೆಗೆದುಕೊಳ್ಳುವುದು, ಇಲ್ಲವೇ ಅಂಗಡಿಗೆ ಹೋಗಿ ಆರು ಆಂಟೆನಾಗಳ ಹೊಸ ರೂಟರ್ ತರುವುದು. ದೋಷ ಇರುವ ಜಾಗವೇ ಬೇರೆಯಾಗಿದ್ದರೆ ಎರಡೂ ದಂಡ. ವೇಗ ಎಲ್ಲಿ ಬೀಳುತ್ತಿದೆ ಎಂದು ಗೊತ್ತಾಗುವ ತನಕ ಏನನ್ನೂ ಕೊಳ್ಳಬೇಡಿ. ಅದನ್ನು ತಿಳಿಯಲು ಎರಡು ಲ್ಯಾಪ್‌ಟಾಪ್, ಒಂದೆರಡು ಒಳ್ಳೆಯ ಕೇಬಲ್ ಮತ್ತು ಒಂದು ಬಿಡುವಿನ ಸಂಜೆ ಸಾಕು. ಎರಡನೆಯ ಲ್ಯಾಪ್‌ಟಾಪ್ ಇಲ್ಲದಿದ್ದರೆ ಪಕ್ಕದ ಮನೆಯಿಂದ ಒಂದು ಗಂಟೆಯ ಮಟ್ಟಿಗೆ ಕೇಳಿ ತನ್ನಿ.

ಹಾದಿಯನ್ನು ತುಂಡು ಮಾಡಿ ಅಳೆಯಿರಿ

ಕಂಪನಿಯ ಫೈಬರ್‌ನಿಂದ ಹಿಂದಿನ ಮನೆಯ ಮೊಬೈಲ್ ತನಕ ನಾಲ್ಕು ತುಂಡುಗಳಿವೆ. ಕಂಪನಿಯಿಂದ ರೂಟರ್ ತನಕ ಒಂದು. ರೂಟರಿನಿಂದ ಬ್ರಿಡ್ಜ್‌ನ ಹತ್ತಿರದ ತುದಿಗೆ ಹೋಗುವ ಕೇಬಲ್ ಎರಡನೆಯದು. ಗಾಳಿಯ ಹಾದಿ ಮೂರನೆಯದು. ದೂರದ ತುದಿಯಿಂದ ಮೊಬೈಲ್‌ವರೆಗಿನ ವೈ-ಫೈ ನಾಲ್ಕನೆಯದು. ಮೊಬೈಲಿನಲ್ಲಿ ಮಾಡುವ ಸ್ಪೀಡ್ ಟೆಸ್ಟ್ ಈ ನಾಲ್ಕನ್ನೂ ಕಲಸಿ ಒಂದೇ ಅಂಕಿ ಕೊಡುತ್ತದೆ. ನಾಲ್ಕರಲ್ಲಿ ತಪ್ಪು ಯಾವುದರದೆಂದು ಆ ಅಂಕಿ ಎಂದಿಗೂ ಹೇಳುವುದಿಲ್ಲ.

ಅಳೆಯುವ ಮೊದಲು ಒಂದು ಸಣ್ಣ ಕೆಲಸ. ಎರಡೂ ಮನೆಯ ವೈ-ಫೈಗೆ ಒಂದೇ ಹೆಸರಿಟ್ಟಿದ್ದರೆ ಹಿಂದಿನ ಮನೆಯದಕ್ಕೆ ಸದ್ಯಕ್ಕೆ ಬೇರೆ ಹೆಸರು ಕೊಡಿ. ಮೊಬೈಲುಗಳಿಗೆ ಹಳೆಯ ಸಂಬಂಧ ಬಿಡುವುದು ಕಷ್ಟ. ಹಿಂದಿನ ಮನೆಗೆ ಬಂದು ಕುಳಿತರೂ ಮುಂದಿನ ಮನೆಯ ರೂಟರನ್ನೇ, ಮೂರು ಗೋಡೆಯಾಚೆಯಿಂದ, ಹಿಡಿದುಕೊಂಡಿರುತ್ತವೆ. ಬ್ರಿಡ್ಜ್ ನಿಧಾನ ಎಂದು ಬರುವ ದೂರುಗಳಲ್ಲಿ ಕೆಲವು ಇಷ್ಟಕ್ಕೇ ಮುಗಿದುಹೋಗುತ್ತವೆ, ಏಕೆಂದರೆ ಅಲ್ಲಿ ಬ್ರಿಡ್ಜನ್ನು ಯಾರೂ ಬಳಸುತ್ತಲೇ ಇರಲಿಲ್ಲ.

ಮೊದಲ ಅಳತೆ: ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ಮುಂದಿನ ಮನೆಯ ರೂಟರಿಗೆ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. ನೀವು ಹಣ ಕಟ್ಟುತ್ತಿರುವ ವೇಗ ಇಲ್ಲಿಯೇ ಬರದಿದ್ದರೆ ಬ್ರಿಡ್ಜ್‌ನ ತಂಟೆಗೆ ಹೋಗುವ ಅಗತ್ಯವಿಲ್ಲ, ಕಂಪನಿಯನ್ನೇ ಕೇಳಬೇಕು.

ಎರಡನೆಯ ಅಳತೆಯಲ್ಲಿ ಇಂಟರ್ನೆಟ್ಟನ್ನು ಪೂರ್ತಿ ಬಿಟ್ಟುಬಿಡಿ. ಒಂದು ಲ್ಯಾಪ್‌ಟಾಪ್ ಮುಂದಿನ ರೂಟರಿಗೆ ಕೇಬಲ್‌ನಲ್ಲಿ, ಇನ್ನೊಂದು ಬ್ರಿಡ್ಜ್‌ನ ದೂರದ ತುದಿಗೆ ಕೇಬಲ್‌ನಲ್ಲಿ. ಐಪರ್ಫ್ ಎಂಬ ಉಚಿತ ತಂತ್ರಾಂಶವನ್ನು ಎರಡರಲ್ಲೂ ಹಾಕಿ, ಒಂದನ್ನು ಸರ್ವರ್ ಆಗಿ, ಇನ್ನೊಂದನ್ನು ಕ್ಲೈಂಟ್ ಆಗಿ ಓಡಿಸಿದರೆ ಇವೆರಡರ ನಡುವಿನ ನಿಜವಾದ ವೇಗ ಸಿಗುತ್ತದೆ. ಕನಿಷ್ಠ 30 ಸೆಕೆಂಡು ಓಡಿಸಿ. ಆಮೇಲೆ ದಿಕ್ಕು ತಿರುಗಿಸಿ ಇನ್ನೊಮ್ಮೆ ಓಡಿಸಿ. ಒಂದು ದಿಕ್ಕಿನಲ್ಲಿ 150, ಇನ್ನೊಂದರಲ್ಲಿ 20 ಬಂದರೆ ಒಂದು ತುದಿಯ ಸುತ್ತ ಬೇರೆ ಸಾಧನಗಳ ರೇಡಿಯೋ ಗದ್ದಲ ಹೆಚ್ಚಿದೆ, ಅಥವಾ ಒಂದು ತುದಿಯ ರೇಡಿಯೋ ದುರ್ಬಲವಾಗಿ ಕಳುಹಿಸುತ್ತಿದೆ ಎಂದು ತಿಳಿಯಬೇಕು.

ಐಪರ್ಫ್ ತಂಟೆ ಬೇಡವೆನ್ನುವವರು 1 ಗಿಗಾಬೈಟ್‌ನ ಒಂದು ವಿಡಿಯೋ ಫೈಲನ್ನು ಒಂದು ಲ್ಯಾಪ್‌ಟಾಪ್‌ನಿಂದ ಇನ್ನೊಂದಕ್ಕೆ ನಕಲು ಮಾಡಿ, ಹಿಡಿದ ಸೆಕೆಂಡುಗಳನ್ನು ಎಣಿಸಿ. 8000ವನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಸುಮಾರಾಗಿ ಮೆಗಾಬಿಟ್ ಲೆಕ್ಕ ಬರುತ್ತದೆ: 80 ಸೆಕೆಂಡು ಹಿಡಿದರೆ 100. ಫೈಲ್ ಪೆನ್‌ಡ್ರೈವ್‌ನಲ್ಲಿರಬಾರದು, ಅಗ್ಗದ ಪೆನ್‌ಡ್ರೈವ್‌ನ ವೇಗವೇ ಬ್ರಿಡ್ಜ್‌ಗಿಂತ ಕಡಿಮೆ ಇರಬಹುದು. ಕಂಪ್ಯೂಟರ್ ನಕಲು ಮಾಡುವಾಗ ತೋರಿಸುವುದು ಮೆಗಾಬೈಟ್, ಕಂಪನಿ ಜಾಹೀರಾತಿನಲ್ಲಿ ಹೇಳುವುದು ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 12 ಎಂದು ತೋರಿದರೆ ಅದು 96 ಮೆಗಾಬಿಟ್. ತಲೆಬರಹದಲ್ಲಿರುವ 12 ಇದೇ ಗೊಂದಲದಿಂದ ಹುಟ್ಟಿದ್ದಾದರೆ ನಿಮ್ಮ ಬ್ರಿಡ್ಜ್ ಅಷ್ಟೇನೂ ಕೆಟ್ಟಿಲ್ಲ.

ಬಂದ ಅಂಕಿಗಳನ್ನು ವೇಳೆಯ ಸಮೇತ ಒಂದು ಚೀಟಿಯಲ್ಲಿ ಬರೆದಿಡಿ. ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಅಳೆದು ನೋಡಿ. ಎರಡೂ ಹೊತ್ತು ಒಂದೇ ರೀತಿ ನಿಧಾನವಿದ್ದರೆ ದೋಷ ಸಾಮಾನಿನಲ್ಲಿ ಅಥವಾ ಜೋಡಣೆಯಲ್ಲಿ. ರಾತ್ರಿ ಮಾತ್ರ ನಿಧಾನವಾದರೆ ಅಕ್ಕಪಕ್ಕದ ವೈ-ಫೈಗಳ ಕಿತ್ತಾಟ ಇರಬಹುದು. ಮುಂದಿನ ಪ್ರತಿ ಹಂತದಲ್ಲೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಅಳೆಯಿರಿ.

94ರಲ್ಲಿ ನಿಂತರೆ ಕೇಬಲ್ ನೋಡಿ

ಅಳತೆ ಪ್ರತಿ ಸಲವೂ 94, 95ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ ಎಂದರೆ ರೇಡಿಯೋವನ್ನು ದೂರಬೇಡಿ. ಎಲ್ಲೋ ಒಂದು ಕಡೆ 100 ಮೆಗಾಬಿಟ್‌ನ ಪೋರ್ಟ್ ಇದೆ. ಪೆಟ್ಟಿಗೆಯ ಮೇಲೆ 1200 ಎಂದು ದಪ್ಪಕ್ಷರದಲ್ಲಿ ಬರೆದ ರೂಟರುಗಳಲ್ಲೂ ಹಿಂಬದಿಯ ಪೋರ್ಟುಗಳು 100ರವು ಇರುವುದುಂಟು. ಆ 1200 ಎಂಬುದು ವೈ-ಫೈ ಬಳಸುವ ಎರಡು ಅಲೆಪಟ್ಟಿಗಳಲ್ಲಿ (ಬ್ಯಾಂಡ್), ಅಂದರೆ 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಕೂಡಿಸಿ, ಮೇಲೆ ಸ್ವಲ್ಪ ಉದಾರವಾಗಿ ಏರಿಸಿದ ಮೊತ್ತ. ಯಾವ ಒಂದು ಉಪಕರಣಕ್ಕೂ ಅಷ್ಟು ಸಿಗುವುದಿಲ್ಲ. ಕೊಳ್ಳುವಾಗ ಆಂಟೆನಾ ಎಣಿಸುವ ಬದಲು ‘ಗಿಗಾಬಿಟ್ ಪೋರ್ಟ್’ ಎಂದು ಬರೆದಿದೆಯೇ ನೋಡುವುದು ಲೇಸು.

ಪೋರ್ಟುಗಳೆಲ್ಲ ಗಿಗಾಬಿಟ್ ಆಗಿದ್ದೂ 94 ಬಂದರೆ ಕೇಬಲ್ ಬದಲಿಸಿ ನೋಡಿ. ಗಿಗಾಬಿಟ್‌ಗೆ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಇಲಿ ಕಚ್ಚಿ ಉಳಿದೆರಡು ಜೋಡಿಗಳಲ್ಲಿ ಒಂದು ಎಳೆ ತುಂಡಾದರೂ ಸಂಪರ್ಕ ಕಡಿದುಹೋಗದೆ, ಸದ್ದಿಲ್ಲದೆ 100ಕ್ಕೆ ಇಳಿದು ನಡೆಯುತ್ತಿರುತ್ತದೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯ ಕೇಬಲ್ ಅಗ್ಗಕ್ಕೆ ಸಿಗುತ್ತದೆ. ಮಾಳಿಗೆಯ ಮೇಲಿನ ರೇಡಿಯೋಗೆ ಇದೇ ಕೇಬಲ್‌ನಲ್ಲಿ ವಿದ್ಯುತ್ತೂ ಹೋಗಬೇಕಾದರೆ ಅದನ್ನು ಮುಟ್ಟಲೇಬೇಡಿ. ಅಪ್ಪಟ ತಾಮ್ರದ, ಹೊರಾಂಗಣಕ್ಕೆಂದೇ ಮಾಡಿದ ಕೇಬಲ್ ಕೇಳಿ ಪಡೆಯಿರಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಒಳಾಂಗಣ ಕೇಬಲ್‌ನ ಹೊದಿಕೆ ಬೇಗನೆ ಬಿರಿಯುತ್ತದೆ.

ವೇಗ ಅರ್ಧಕ್ಕೆ ಇಳಿದಿದ್ದರೆ

ಹಲವರ ಮನೆಯಲ್ಲಿ ಬ್ರಿಡ್ಜ್ ಎಂದು ಕರೆಯುವುದು ನಿಜಕ್ಕೂ ರಿಪೀಟರ್. ಅದರಲ್ಲಿ ರೂಟರಿನ ಜತೆ ಮಾತಾಡುವುದೂ ಮೊಬೈಲಿನ ಜತೆ ಮಾತಾಡುವುದೂ ಒಂದೇ ರೇಡಿಯೋ, ಒಂದೇ ಚಾನೆಲ್‌ನಲ್ಲಿ. ವೈ-ಫೈ ರೇಡಿಯೋ ಒಂದು ಕ್ಷಣದಲ್ಲಿ ಕೇಳಬಲ್ಲದು ಅಥವಾ ಹೇಳಬಲ್ಲದು, ಎರಡನ್ನೂ ಒಟ್ಟಿಗೆ ಮಾಡಲಾರದು. ಹೀಗಾಗಿ ಪ್ರತಿ ತುಣುಕೂ ಗಾಳಿಯಲ್ಲಿ ಎರಡು ಸಲ ಹೋಗಿ ವೇಗ ಸುಮಾರು ಅರ್ಧವಾಗುತ್ತದೆ. ಒಂದರ ಹಿಂದೆ ಇನ್ನೊಂದು ರಿಪೀಟರ್ ಇಟ್ಟರೆ ಅದರಲ್ಲೂ ಅರ್ಧ.

ಇದಕ್ಕೆ ಸುಲಭದ ಪರಿಹಾರವೊಂದಿದೆ. ಎರಡು ಬ್ಯಾಂಡ್ ಇರುವ ಸಾಧನವಾದರೆ ರೂಟರಿನ ಕಡೆಯ ಸಂಪರ್ಕವನ್ನು 5 ಗಿಗಾಹರ್ಟ್ಸ್‌ಗೂ ಮೊಬೈಲುಗಳ ಕಡೆಯದನ್ನು 2.4ಕ್ಕೂ ಹಂಚಿ. ಟಿವಿ, ಕಂಪ್ಯೂಟರ್‌ಗಳನ್ನು ರಿಪೀಟರಿನ ಪೋರ್ಟಿಗೆ ಕೇಬಲ್‌ನಲ್ಲೇ ಸಿಕ್ಕಿಸಿದರೆ ಇನ್ನೂ ಒಳ್ಳೆಯದು. ಮೆಶ್ (ಒಟ್ಟಾಗಿ ಒಂದೇ ವೈ-ಫೈ ಹರಡುವ ಸಾಧನಗಳ ಗುಂಪು) ಕೊಳ್ಳುವವರು ಮೂರನೆಯ ರೇಡಿಯೋ ಇರುವುದನ್ನು ಕೊಂಡರೆ ತೊಂದರೆ ಕಡಿಮೆ.

ಇಡುವ ಜಾಗವೂ ಮುಖ್ಯ. ಸಿಗ್ನಲ್ ಸಿಗದ ಕೋಣೆಯಲ್ಲೇ ರಿಪೀಟರ್ ಇಟ್ಟರೆ ಅದಕ್ಕೂ ಸಿಗ್ನಲ್ ಸಿಗುವುದಿಲ್ಲ, ಅದು ಹಂಚುವುದೇನನ್ನು? ನಡುಹಾದಿಯಲ್ಲಿ, ಇನ್ನೂ ಚೆನ್ನಾಗಿ ಕೇಳಿಸುವಲ್ಲಿ ಇಡಬೇಕು. ಚಿತ್ರದುರ್ಗದ ಹಳೆಯ ಮನೆಗಳ ಕಲ್ಲಿನ ಗೋಡೆಗಳು ಕೋಟೆಯ ನಂಟಸ್ತಿಕೆ ಬಿಟ್ಟಿಲ್ಲ. 5 ಗಿಗಾಹರ್ಟ್ಸ್ ಅಲೆ ಅವುಗಳ ಮುಂದೆ ಸೋಲುತ್ತದೆ. ಅಂಥಲ್ಲಿ ಗೋಡೆಯನ್ನು ಭೇದಿಸುವ ಆಸೆ ಬಿಟ್ಟು, ಕಿಟಕಿ, ಬಾಗಿಲು, ಮೆಟ್ಟಿಲಿನ ಸಂದು ಹುಡುಕಿ. ಕಬ್ಬಿಣದ ಬೀರು, ರೋಲಿಂಗ್ ಶಟರ್, ದೊಡ್ಡ ಕನ್ನಡಿ, ತಗಡಿನ ಚಾವಣಿ, ಮಾಳಿಗೆಯ ಮೇಲಿನ ನೀರಿನ ಟ್ಯಾಂಕ್ ಇವುಗಳ ಹಿಂದೆ ರೇಡಿಯೋ ಇಡಬಾರದು. ನೀರು ತುಂಬಿದ ಟ್ಯಾಂಕ್ ಗೋಡೆಗಿಂತ ಕೆಟ್ಟ ಅಡ್ಡಿ.

ಸಿಗ್ನಲ್ ಅಂಕಿಯನ್ನು ಓದುವುದು

ಬ್ರಿಡ್ಜ್‌ನ ಆಡಳಿತ ಪುಟ ತೆರೆಯಿರಿ. ವಿಳಾಸ ಸಾಮಾನ್ಯವಾಗಿ ಸಾಧನದ ಕೆಳಗಿನ ಚೀಟಿಯಲ್ಲಿರುತ್ತದೆ, 192.168ರಿಂದ ಶುರುವಾಗುವಂಥದ್ದು. ಅಲ್ಲಿ ಸಿಗ್ನಲ್ ಡಿಬಿಎಂ ಲೆಕ್ಕದಲ್ಲಿ, ಮೈನಸ್ ಅಂಕಿಯಾಗಿ ಕಾಣುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಬ್ರಿಡ್ಜ್‌ಗೆ ಮೈನಸ್ 50ರಿಂದ 65ರ ನಡುವೆ ಇದ್ದರೆ ನೆಮ್ಮದಿ. ಮೈನಸ್ 70 ದಾಟಿದರೆ ವೇಗ ಏರಿಳಿಯುತ್ತದೆ, 80ರ ಹತ್ತಿರ ಹೋದರೆ ಸಂಪರ್ಕ ಇದ್ದೂ ಇಲ್ಲದಂತೆ. ಪ್ರತಿ 3 ಡಿಬಿಗೆ ಶಕ್ತಿ ಅರ್ಧ, 10 ಡಿಬಿಗೆ ಹತ್ತರಲ್ಲೊಂದು ಪಾಲಾಗುತ್ತದೆ. ಮೈನಸ್ 60ಕ್ಕೂ 70ಕ್ಕೂ ಇರುವ ಅಂತರ ಕಣ್ಣಿಗೆ ಕಂಡಷ್ಟು ಸಣ್ಣದಲ್ಲ.

ಬಲ ಅತಿಯಾದರೂ ಕೇಡು. ಕಿಲೋಮೀಟರ್‌ಗಟ್ಟಲೆ ದೂರಕ್ಕೆಂದು ಮಾಡಿದ ಹೊರಾಂಗಣ ರೇಡಿಯೋಗಳನ್ನು ರಸ್ತೆಯ ಆಚೀಚೆಗೆ ಹಾಕಿ, ಪೂರ್ತಿ ಶಕ್ತಿಯಲ್ಲಿ ಬಿಟ್ಟರೆ ಎದುರಿನದರ ಕಿವಿ ಗಡಚಿಕ್ಕುತ್ತದೆ. ಅಂಕಿ ಮೈನಸ್ 30ರ ಸುತ್ತ ಇದ್ದು ವೇಗ ಮಾತ್ರ ಇಲ್ಲವೆಂದರೆ ಕಳುಹಿಸುವ ಶಕ್ತಿಯನ್ನು ಇಳಿಸಿ ನೋಡಿ. ಇಳಿಸಿದ್ದಕ್ಕೆ ವೇಗ ಏರುವುದನ್ನು ಕಂಡರೆ ಮನೆಯವರು ಮೊದಲಿಗೆ ನಂಬುವುದಿಲ್ಲ.

ಅದೇ ಪುಟದಲ್ಲಿ ‘ಲಿಂಕ್ ವೇಗ’ ಎಂದು 867ರಂಥ ಅಂಕಿ ಕಾಣಬಹುದು. ರೇಡಿಯೋಗಳು ತಮ್ಮತಮ್ಮಲ್ಲಿ ಒಪ್ಪಿಕೊಂಡ ಮಿತಿ ಅದು. ಸರದಿಗೆ ಕಾಯುವುದು, ತಲುಪಿತೆಂಬ ಉತ್ತರ ಕೊಡುವುದು, ತಪ್ಪಿದ್ದನ್ನು ಮತ್ತೆ ಕಳುಹಿಸುವುದು ಇವೆಲ್ಲ ಕಳೆದು ಕೈಗೆ ಸಿಗುವುದು ಅದರ ಅರ್ಧ ಅಥವಾ ಸ್ವಲ್ಪ ಹೆಚ್ಚು. 144 ಲಿಂಕ್‌ನಲ್ಲಿ 75 ಬಂದರೆ ಅದು ದೋಷವಲ್ಲ. 867 ಲಿಂಕ್‌ನಲ್ಲಿ 60 ಬಂದರೆ ದೋಷ.

ಚಾನೆಲ್ ಮತ್ತು ಗದ್ದಲ

ಕಾಲೇಜು ಹುಡುಗರು ಬಾಡಿಗೆಗಿರುವ ಬೀದಿಯಲ್ಲಿ ಮೊಬೈಲಿನ ವೈ-ಫೈ ಪಟ್ಟಿ ತೆರೆದರೆ ಹೆಸರುಗಳು ಮುಗಿಯುವುದೇ ಇಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಹತ್ತದ ಚಾನೆಲ್‌ಗಳು ಮೂರೇ: 1, 6, 11. ಜಾಣತನವೆಂದು 3 ಅಥವಾ 8 ಆರಿಸಿದವರು ಎರಡು ಕಡೆಯ ಗದ್ದಲವನ್ನೂ ಮೈಮೇಲೆ ಎಳೆದುಕೊಳ್ಳುತ್ತಾರೆ. ಇಲ್ಲಿ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ನಲ್ಲೇ ಇಡಿ. 40 ಎಂದರೆ ಊರಿನ ಜಾಗವನ್ನೆಲ್ಲ ಹಿಡಿದು ಯಾರಿಗೂ ಸುಖವಿಲ್ಲದಂತೆ ಮಾಡುವುದು. ಮೈಕ್ರೋವೇವ್ ಒಲೆ, ಬ್ಲೂಟೂತ್, ರೂಟರಿನ ಪಕ್ಕದಲ್ಲೇ ಸಿಕ್ಕಿಸಿದ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇವೂ ಈ ಬ್ಯಾಂಡ್‌ನಲ್ಲೇ ಗಲಾಟೆ ಮಾಡುತ್ತವೆ.

ಆದ್ದರಿಂದ ಬ್ರಿಡ್ಜ್ 5 ಗಿಗಾಹರ್ಟ್ಸ್‌ನಲ್ಲಿರಲಿ. ಭಾರತದಲ್ಲಿ 2018ರಿಂದ ಈ ಬ್ಯಾಂಡ್‌ನ ಬಹುಭಾಗ ಪರವಾನಗಿ ಇಲ್ಲದೆ ಬಳಕೆಗೆ ಮುಕ್ತವಾಗಿದೆ, ಜಾಗ ಧಾರಾಳ. ಒಂದು ಎಚ್ಚರಿಕೆ: 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್‌ನ ಸುಳಿವು ಸಿಕ್ಕಿತೆಂದು ತೋರಿದರೆ ಸಾಧನ ತಾನಾಗಿ ಬೇರೆ ಚಾನೆಲ್‌ಗೆ ಜಿಗಿಯುತ್ತದೆ, ಹೊಸ ಚಾನೆಲ್‌ನಲ್ಲಿ ಒಂದು ನಿಮಿಷ ಸುಮ್ಮನೆ ಕಿವಿಗೊಡುತ್ತದೆ. ಆಗಾಗ್ಗೆ ಸಂಪರ್ಕ ಹೋಗಿ ಒಂದೆರಡು ನಿಮಿಷಕ್ಕೆ ಮರಳುವುದಾದರೆ 36ರಿಂದ 48ರೊಳಗಿನ ಅಥವಾ 149ರ ಮೇಲಿನ ಚಾನೆಲ್ ಆರಿಸಿ, ಎರಡೂ ತುದಿಯಲ್ಲಿ ದೇಶ ‘ಭಾರತ’ ಎಂದೇ ಇದೆಯೇ ನೋಡಿ. ‘ಆಟೋ’ ಎಂಬುದನ್ನು ಮನೆಯ ರೂಟರಿಗೆ ಬಿಟ್ಟರೂ ಬ್ರಿಡ್ಜ್‌ಗೆ ಬಿಡಬೇಡಿ.

ತೋಟದ ಮನೆಗೆ ಹೋಗುವ ಹಾದಿ

ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗದ ಅಡಿಕೆ, ತೆಂಗಿನ ತೋಟಗಳಲ್ಲಿ ಬ್ರಿಡ್ಜ್‌ನ ಕಷ್ಟವೇ ಬೇರೆ. ಅಲ್ಲಿ ನೆರೆಹೊರೆಯ ವೈ-ಫೈ ಗದ್ದಲವಿಲ್ಲ, ಇರುವುದು ಎಲೆ. ಎಲೆಯೆಂದರೆ ರೇಡಿಯೋದ ಲೆಕ್ಕದಲ್ಲಿ ನೀರು. ಮಳೆ ಬಂದಾಗ ಸ್ಪೀಡ್ ಹೋಗುತ್ತದೆ ಎಂದು ತೋಟದವರು ಹೇಳುವುದು ನಿಜ, ಆದರೆ ಈ ದೂರಕ್ಕೆ 5 ಗಿಗಾಹರ್ಟ್ಸ್ ಅಲೆಗೆ ಮಳೆಹನಿಗಳಿಂದ ಆಗುವ ನಷ್ಟ ನಗಣ್ಯ. ತೊಯ್ದ ಗರಿಗಳೇ ಅದನ್ನು ಹೀರುವುದು. ಸಸಿಗಳು ಎದೆಯೆತ್ತರ ಇದ್ದಾಗ ಹಾಕಿಸಿದ ಬ್ರಿಡ್ಜ್ ಕೆಲವು ವರ್ಷದಲ್ಲಿ ಕಾರಣವಿಲ್ಲದೆ ಸೊರಗಿತೆಂದರೆ, ಯಂತ್ರ ಹಳತಾಗಿಲ್ಲ, ತೋಟ ಬೆಳೆದಿದೆ.

ಎರಡು ತುದಿಗಳು ಕಣ್ಣಿಗೆ ಕಂಡರೆ ಸಾಲದು. ನಡುವಿನ ಹಾದಿಯ ಸುತ್ತ ಕೊಳವೆಯಂತೆ ಒಂದಿಷ್ಟು ಜಾಗ ತೆರವಿರಬೇಕು. ಅದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. 5 ಗಿಗಾಹರ್ಟ್ಸ್‌ನಲ್ಲಿ 100 ಮೀಟರ್ ಹಾದಿಯ ನಡುಮಧ್ಯೆ ಆ ಕೊಳವೆಯ ತ್ರಿಜ್ಯ ಸುಮಾರು 1.2 ಮೀಟರ್, 300 ಮೀಟರ್‌ಗೆ ಸುಮಾರು 2 ಮೀಟರ್. 2.4ರಲ್ಲಿ 300 ಮೀಟರ್‌ಗೆ 3 ಮೀಟರ್ ಬೇಕು. ಇದರಲ್ಲಿ ಅರುವತ್ತು ಶೇಕಡದಷ್ಟಾದರೂ ಖಾಲಿ ಇದ್ದರೆ ಕೆಲಸ ನಡೆಯುತ್ತದೆ.

ಅಡಿಕೆಯನ್ನು 9 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಇದು ಒಂದು ಅನುಕೂಲ ಕೊಡುತ್ತದೆ. 100 ಮೀಟರ್ ಹಾದಿಗೆ ಕೊಳವೆಯ ಪೂರ್ತಿ ಅಗಲ ಎಂಟು ಅಡಿಯ ಒಳಗೇ ಇರುವುದರಿಂದ, ಸಾಲು ನೇರವಾಗಿದ್ದರೆ ಗರಿಗಳಿಗಿಂತ ಕೆಳಗೆ, ನೆಲದಿಂದ ಎಂಟು–ಹತ್ತು ಅಡಿ ಎತ್ತರದಲ್ಲಿ, ಎರಡು ಸಾಲಿನ ನಡುವೆ ಹಾದಿ ಬಿಡಬಹುದು. ಮರಗಳ ತಲೆ ಮೀರುವ ಕಂಬ ನೆಡುವುದಕ್ಕಿಂತ ಇದು ಅಗ್ಗ. ಸಾಲಿನ ನಡುವೆ ಬಾಳೆ ಹಾಕಿದ್ದರೆ ಮಾತ್ರ ಈ ಆಸೆ ಬಿಡಿ. ಇದಕ್ಕಿಂತ ದೂರವಾದರೆ ತೋಟದ ಬಂಡಿದಾರಿಯೋ ಕಾಲುವೆಯ ಏರಿಯೋ ಎಲ್ಲಿದೆ ನೋಡಿ, ನಡುವೆ ಒಂದು ಕಂಬ ನಿಲ್ಲಿಸಿ ಎರಡು ತುಂಡಾಗಿ ದಾಟಿಸಿ.

ಆಂಟೆನಾ ತಿರುಗಿಸಲು ಇಬ್ಬರು ಬೇಕು. ಒಬ್ಬರು ಕಂಬದ ಬಳಿ, ಇನ್ನೊಬ್ಬರು ಪರದೆಯ ಮುಂದೆ, ಕಿವಿಗೆ ಫೋನ್. ‘ಅಣ್ಣಾ, ಇನ್ನೊಂದಿಷ್ಟು ಎಡಕ್ಕೆ, ಸಾಕು, ನಿಲ್ಲಿ’ ಎಂದು ಹೇಳಿದ ಮೇಲೆ ಐದು ಸೆಕೆಂಡು ಕಾಯಿರಿ. ಅಂಕಿ ತಡವಾಗಿ ಬದಲಾಗುತ್ತದೆ. ಮೊದಲು ಎಡಬಲ, ಅದು ಗಟ್ಟಿಯಾದ ಮೇಲೆ ಮೇಲೆ ಕೆಳಗೆ. ಸಿಕ್ಕಿದ ಮೊದಲ ಒಳ್ಳೆಯ ಅಂಕಿಗೆ ಬೋಲ್ಟ್ ಬಿಗಿಯಬೇಡಿ. ಮುಖ್ಯ ಕಿರಣದ ಆಚೀಚೆ ಸಣ್ಣ ಉಪಕಿರಣಗಳಿರುತ್ತವೆ. ಅವುಗಳಲ್ಲೊಂದರ ಮೇಲೆ ನಿಂತು ಇದೇ ಶಿಖರವೆಂದು ಭ್ರಮಿಸುವುದು ಸುಲಭ. ಅಂಕಿ ಬಿದ್ದ ಮೇಲೂ ಇನ್ನಷ್ಟು ತಿರುಗಿಸಿ ನೋಡಿ, ಆಮೇಲೆ ಹಿಂದಕ್ಕೆ ಬನ್ನಿ.

ವಿದ್ಯುತ್ತಿನ ವಿಚಾರವೂ ಇದೆ. ಮೂರು ಫೇಸ್ ಬಂದ ಕೂಡಲೇ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾಗಿ ವೋಲ್ಟೇಜ್ ಕುಸಿಯುತ್ತದೆ, ರೇಡಿಯೋ ಸತ್ತು ಹುಟ್ಟುತ್ತದೆ. ಆಡಳಿತ ಪುಟದಲ್ಲಿ ಸಾಧನ ಎಷ್ಟು ಹೊತ್ತಿನಿಂದ ನಡೆಯುತ್ತಿದೆ ಎಂದು ಬರೆದಿರುತ್ತದೆ. ತಿಂಗಳಿನಿಂದ ಆರಿಸದ ಸಾಧನ ‘ನಾಲ್ಕು ಗಂಟೆ’ ಎಂದು ತೋರಿದರೆ ವೇಗಕ್ಕೆ ಮದ್ದು ಹುಡುಕುವ ಮೊದಲು ಒಂದು ಸಣ್ಣ ಯುಪಿಎಸ್ ಹಾಕಿ.

ಕೊನೆಗೆ ಸೆಟ್ಟಿಂಗ್

ವೈ-ಫೈ ಭದ್ರತೆಯ ಸಾಲಿನಲ್ಲಿ ಡಬ್ಲ್ಯುಪಿಎ2 ಮತ್ತು ಎಇಎಸ್ ಎಂಬ ವಿಧಾನ ಆರಿಸಿ. ಹಳೆಯ ಟಿಕೆಐಪಿ ಅಥವಾ ವೆಪ್ ಆರಿಸಿದ್ದರೆ ಲಿಂಕ್ ವೇಗ 54ಕ್ಕೆ ಬಿದ್ದುಬಿಡುತ್ತದೆ, ಎಷ್ಟೇ ಹೊಸ ಸಾಧನವಾಗಿರಲಿ. ಹಿಂದಿನ ಮನೆಯ ಸಾಧನ ರೂಟರ್ ಆಗಿ ಕೆಲಸ ಮಾಡದೆ, ಬಂದ ಸಂಪರ್ಕವನ್ನು ಹಾಗೇ ದಾಟಿಸುವ ಆಕ್ಸೆಸ್ ಪಾಯಿಂಟ್ ಅಥವಾ ಬ್ರಿಡ್ಜ್ ಕ್ರಮದಲ್ಲಿರಬೇಕು. ಉಪಕರಣಗಳಿಗೆ ಐಪಿ ವಿಳಾಸ ಹಂಚುವ ಕೆಲಸ ಮುಂದಿನ ರೂಟರಿನದೊಂದೇ. ಬೇರೆ ಬೇರೆ ಕಂಪನಿಯ ಎರಡು ಸಾಧನಗಳ ನಡುವೆ ಡಬ್ಲ್ಯುಡಿಎಸ್ (ಎರಡು ಸಾಧನಗಳನ್ನು ಗಾಳಿಯಲ್ಲೇ ಬೆಸೆಯುವ ಕ್ರಮ) ಹಲವು ಸಲ ಸರಿಯಾಗಿ ಹೊಂದುವುದಿಲ್ಲ, ಒಂದೇ ಕಂಪನಿಯ ಜೋಡಿ ಹಾಕಿ. ಹೊರಾಂಗಣ ರೇಡಿಯೋದ ಸೆಟ್ಟಿಂಗ್‌ನಲ್ಲಿ ಎರಡು ತುದಿಗಳ ನಡುವಿನ ದೂರ ತುಂಬುವ ಜಾಗವಿದ್ದರೆ ನಿಜವಾದ ದೂರಕ್ಕಿಂತ ತುಸು ಹೆಚ್ಚು ಕೊಡಿ. ಕಡಿಮೆ ಕೊಟ್ಟರೆ ಉತ್ತರ ಬರುವ ಮೊದಲೇ ಬರಲಿಲ್ಲವೆಂದು ತಿಳಿದು ಎಲ್ಲವನ್ನೂ ಮತ್ತೆ ಮತ್ತೆ ಕಳುಹಿಸುತ್ತದೆ.

ಇಷ್ಟಾದರೂ ಬಗ್ಗದಿದ್ದರೆ ಗಾಳಿಯನ್ನು ಬಿಟ್ಟು ತಂತಿಗೆ ಬನ್ನಿ. 100 ಮೀಟರ್ ಒಳಗಾದರೆ ತಾಮ್ರದ ಕೇಬಲ್ ಸಾಕು. ಅದಕ್ಕಿಂತ ದೂರಕ್ಕೆ, ಅಥವಾ ಸಿಡಿಲಿನ ಭಯವಿರುವ ತೋಟಕ್ಕೆ, ಮನೆಮನೆಗೆ ಎಳೆಯುವ ತೆಳ್ಳಗಿನ ಫೈಬರ್ ಕೇಬಲ್ ಮತ್ತು ಒಂದು ಜೊತೆ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕಿಗೂ ತಾಮ್ರದ ಕೇಬಲ್‌ಗೂ ಕೊಂಡಿಯಾಗುವ ಪೆಟ್ಟಿಗೆ) ಸಾಕಾಗುತ್ತದೆ. ತುದಿ ಜೋಡಿಸುವ ಯಂತ್ರ ಊರಿನ ಕೇಬಲ್ ಟಿವಿಯವರ ಬಳಿ ಇರುತ್ತದೆ. ಫೈಬರ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ಅದರ ಜತೆಗಿರುವ ಉಕ್ಕಿನ ಎಳೆಯಲ್ಲಿ ಹರಿಯುತ್ತದೆ; ಆ ಎಳೆಯನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಒಂದೇ ಎಳೆ ಫೈಬರ್‌ನ ಕನ್ವರ್ಟರ್‌ಗಳಲ್ಲಿ ಒಂದರ ಮೇಲೆ ‘ಎ’, ಇನ್ನೊಂದರ ಮೇಲೆ ‘ಬಿ’ ಎಂದಿರಬೇಕು. ಎರಡೂ ‘ಎ’ ಬಂದಿದ್ದರೆ ಸಂಪರ್ಕದ ದೀಪವೇ ಹತ್ತುವುದಿಲ್ಲ; ಅಂಗಡಿಯಲ್ಲೇ ಪೆಟ್ಟಿಗೆ ತೆರೆದು ನೋಡಿ ತನ್ನಿ.